ನೈರೋಬಿಯ ರಸ್ತೆಯಲ್ಲಿ ವಿದ್ಯುತ್ ವಾಹನ: ಮೊದಲ ಮಣೆ ಯಾವುದಕ್ಕೆ?

ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಬಿಟ್ಟು ವಿದ್ಯುತ್ತಿಗೆ ಹೊರಳುವ ಮಾತು ಕೆಲವು ವರ್ಷಗಳಿಂದ ಜೋರಾಗಿ ನಡೆಯುತ್ತಿದೆ. ಬೋಡಾ ಬೋಡಾ ಎಂದು ಕರೆಯುವ ಬಾಡಿಗೆ ಮೋಟಾರ್‌ಸೈಕಲ್, ಮಟಾಟು ಎಂಬ ಖಾಸಗಿ ವ್ಯಾನು ಮತ್ತು ಮಿನಿಬಸ್ಸು, ಸ್ವಂತ ಕಾರು, ಇವೆಲ್ಲಕ್ಕೂ ಬದಲಾಗಿ ಇಂದು ಅಲ್ಲಿ ಬ್ಯಾಟರಿಯ ಗಾಡಿ ಸಿಗುತ್ತದೆ. ಆದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುವಷ್ಟು ಹಣ ಸರ್ಕಾರದ ಬಳಿಯೂ ಇಲ್ಲ, ವಾಹನ ಮಾಲೀಕರ ಸಹಕಾರ ಸಂಘಗಳ ಬಳಿಯೂ ಇಲ್ಲ. ಒಂದೇ ಗಾಡಿಯನ್ನು ನಂಬಿ ಸಂಸಾರ ತೂಗಿಸುವ ಸವಾರನ ಬಳಿಯಂತೂ ಮೊದಲೇ ಇಲ್ಲ. ಆದ್ದರಿಂದ ಇಲ್ಲಿ ಆಯ್ಕೆಗಳನ್ನು ಎರಡು ಅಳತೆಗಳಿಂದ ಹೋಲಿಸಲಾಗಿದೆ: ಹೂಡಿದ ಹಣಕ್ಕೆ ತಕ್ಕಂತೆ ಎಷ್ಟು ಇಂಧನ ಉಳಿಯುತ್ತದೆ ಎಂಬುದು ಒಂದು, ಬ್ಯಾಟರಿ ಕೈಕೊಟ್ಟರೆ ನಷ್ಟ ಯಾರ ತಲೆಗೆ ಬರುತ್ತದೆ ಎಂಬುದು ಇನ್ನೊಂದು.

ಮೊದಲು ದಿನದ ಓಟವನ್ನು ನೋಡೋಣ. ಕಚೇರಿಗೆ ಹೋಗಿ ಬರುವ ಸ್ವಂತ ಕಾರು ದಿನಕ್ಕೆ 30 ಕಿಲೋಮೀಟರ್ ಓಡುತ್ತದೆ, ಲೀಟರಿಗೆ 12 ಕಿಲೋಮೀಟರ್ ಕೊಡುತ್ತದೆ ಎಂದು ಹಿಡಿದರೆ ಅದು ಸುಡುವುದು ಎರಡೂವರೆ ಲೀಟರ್ ಪೆಟ್ರೋಲ್. ದಿನವಿಡೀ ಬಾಡಿಗೆ ಹೊಡೆದು 120 ಕಿಲೋಮೀಟರ್ ಸುತ್ತುವ ಬೋಡಾ, ಲೀಟರಿಗೆ 45ರ ಲೆಕ್ಕದಲ್ಲಿ, ಹೆಚ್ಚುಕಡಿಮೆ ಅಷ್ಟೇ ಸುಡುತ್ತದೆ. 25 ಸೀಟಿನ ಡೀಸೆಲ್ ಬಸ್ಸು 200 ಕಿಲೋಮೀಟರ್ ಓಡಿದರೆ 35 ಲೀಟರ್ ದಾಟುತ್ತದೆ. ಇವು ಅಂದಾಜಿನ ಲೆಕ್ಕಗಳೇ ಆದರೂ ಅವು ತೋರಿಸುವ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಾಗದು. ಕಾರನ್ನು ವಿದ್ಯುತ್ತಿಗೆ ಬದಲಿಸಿದರೂ ಮೋಟಾರ್‌ಸೈಕಲನ್ನು ಬದಲಿಸಿದರೂ ಉಳಿಯುವ ಇಂಧನ ಒಂದೇ. ಬೆಲೆಯಲ್ಲಿ ಮಾತ್ರ ಕಾರು ಮೋಟಾರ್‌ಸೈಕಲಿನ ಹಲವು ಪಟ್ಟು. ಬಸ್ಸಿಗೆ ಬಂಡವಾಳ ಬಹಳ ಬೇಕು, ಆದರೆ ಅದು ದಿನಕ್ಕೆ ಉಳಿಸುವುದೂ ಹತ್ತಾರು ಲೀಟರ್, ಹೊರುವುದೂ ನೂರಾರು ಜನರನ್ನು. ಪ್ರಚಾರದಲ್ಲಿ ಮುಂದೆ ನಿಲ್ಲುವ ಕಾರು ಲೆಕ್ಕದಲ್ಲಿ ಹಿಂದೆ ಬೀಳುವುದಕ್ಕೆ ಕಾರಣ ಇಷ್ಟೇ.

ಕರೆಂಟು ಎಲ್ಲಿಂದ ಬರುತ್ತದೆ?

ಕಲ್ಲಿದ್ದಲು ಸುಟ್ಟು ತೆಗೆದ ವಿದ್ಯುತ್ತಿನಲ್ಲಿ ಗಾಡಿ ಓಡಿಸಿದರೆ ಹೊಗೆ ಊರಿನಿಂದ ಆಚೆಗೆ ಹೋಯಿತೇ ಹೊರತು ಇಲ್ಲವಾಗಲಿಲ್ಲ ಎಂಬ ಆಕ್ಷೇಪ ನಮ್ಮ ದೇಶದಲ್ಲಿ ಸಾಮಾನ್ಯ. ಕೀನ್ಯಾದಲ್ಲಿ ಅದಕ್ಕೆ ಹೆಚ್ಚು ಬಲವಿಲ್ಲ. ಅಲ್ಲಿನ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 90 ಪಾಲು ಭೂಗರ್ಭದ ಶಾಖ, ನೀರು, ಗಾಳಿ ಮತ್ತು ಬಿಸಿಲಿನದು. ನೈವಾಶಾ ಸರೋವರದ ಬಳಿಯ ಓಲ್ಕಾರಿಯಾದಲ್ಲಿ ನೆಲದೊಳಗಿನ ಬಿಸಿ ಉಗಿಯಿಂದ ಟರ್ಬೈನು ತಿರುಗುತ್ತದೆ. ಉತ್ತರದ ತುರ್ಕಾನಾ ಸರೋವರದ ಗಾಳಿ ವಿದ್ಯುತ್ ಸ್ಥಾವರದ ಸಾಮರ್ಥ್ಯ 310 ಮೆಗಾವ್ಯಾಟ್. ಉಗಿ ಹಗಲು ರಾತ್ರಿ ಎನ್ನದೆ ಬರುತ್ತಲೇ ಇರುತ್ತದೆ, ಆದರೆ ನಡುರಾತ್ರಿಯ ನಂತರ ದೇಶದ ಬೇಡಿಕೆ ಇಳಿದಾಗ ಅದರಲ್ಲಿ ಒಂದಿಷ್ಟನ್ನು ಹಾಗೆಯೇ ಗಾಳಿಗೆ ಬಿಡಬೇಕಾಗುತ್ತದೆ. ರಾತ್ರಿ ಚಾರ್ಜ್ ಆಗುವ ಬಸ್ಸು ಬಳಸಿಕೊಳ್ಳುವುದು ಹೀಗೆ ವ್ಯರ್ಥವಾಗಬಹುದಾಗಿದ್ದ ಶಕ್ತಿಯನ್ನು. ಅಲ್ಲಿನ ಇಂಧನ ನಿಯಂತ್ರಣ ಪ್ರಾಧಿಕಾರವು 2023ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ದರ ಗೊತ್ತುಪಡಿಸಿ, ಹಗಲಿನಲ್ಲಿ ಯೂನಿಟ್ಟಿಗೆ 16 ಶಿಲ್ಲಿಂಗ್, ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ 8 ಶಿಲ್ಲಿಂಗ್ ಎಂದು ನಿಗದಿ ಮಾಡಿದ್ದರ ಹಿಂದೆಯೂ ಇದೇ ಲೆಕ್ಕವಿದೆ. ತೆರಿಗೆ ಮತ್ತು ಇತರ ಸೇರ್ಪಡೆಗಳು ಇದರ ಮೇಲೆ ಬೇರೆ. ಅದೇ ವರ್ಷದ ಅಕ್ಟೋಬರಿನಲ್ಲಿ ನೈರೋಬಿಯಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ 217 ಶಿಲ್ಲಿಂಗ್ ದಾಟಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಜನ ಯಾಕೆ ಗಂಭೀರವಾಗಿ ಯೋಚಿಸತೊಡಗಿದರು ಎಂದು ತಿಳಿಯುತ್ತದೆ.

ಭೌಗೋಳಿಕ ಸ್ಥಿತಿಯೂ ಅನುಕೂಲಕರವೇ. ನಗರವು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ತೆಳು ಗಾಳಿಯಲ್ಲಿ ಪೆಟ್ರೋಲ್ ಎಂಜಿನ್ನಿನ ಕಸುವು ಸ್ವಲ್ಪ ಕುಗ್ಗುತ್ತದೆ, ವಿದ್ಯುತ್ ಮೋಟಾರಿಗೆ ಆ ತೊಂದರೆಯಿಲ್ಲ. ಸುಡುಬಿಸಿಲಾಗಲಿ ಕೊರೆಯುವ ಚಳಿಯಾಗಲಿ ಇಲ್ಲದ ಹವೆ ಬ್ಯಾಟರಿಯ ಬಾಳಿಕೆಗೆ ಒಳ್ಳೆಯದು.

ಕೊರತೆಯಿರುವುದು ಸರಬರಾಜಿನ ನಂಬಿಕೆಯಲ್ಲಿ. 2023ರ ಆಗಸ್ಟ್ ತಿಂಗಳಿನಲ್ಲಿ ಇಡೀ ದೇಶ ಕತ್ತಲಾಯಿತು, ವರ್ಷ ಮುಗಿಯುವ ಮುನ್ನ ಮತ್ತೆಯೂ ಆಯಿತು. ಆದ್ದರಿಂದ ಯಾವ ಆಯ್ಕೆಯನ್ನು ತೂಗುವಾಗಲೂ, ಕರೆಂಟು ಹೋದ ದಿನ ಈ ಗಾಡಿಯ ಗತಿ ಏನು ಎಂದು ಕೇಳಿಕೊಳ್ಳುವುದು ಲೇಸು.

ಬೋಡಾ: ಬ್ಯಾಟರಿ ಬದಲಿಸುವುದೋ, ಮನೆಯಲ್ಲೇ ಚಾರ್ಜ್ ಮಾಡುವುದೋ?

ನೈರೋಬಿಯ ಬೋಡಾಗಳಲ್ಲಿ ಬಹುಪಾಲು ಭಾರತದ ಗಾಡಿಗಳು. ಬಜಾಜ್ ಬಾಕ್ಸರ್ ಮತ್ತು ಟಿವಿಎಸ್ ಎಚ್‌ಎಲ್‌ಎಕ್ಸ್ ಅಲ್ಲಿ ಮನೆಮಾತು. ಇವುಗಳ ಬಲ ಎಂಜಿನ್ನಿನಲ್ಲಿ ಮಾತ್ರ ಇರುವುದಲ್ಲ. ಬಿಡಿಭಾಗ ಯಾವ ಬಡಾವಣೆಯ ಅಂಗಡಿಯಲ್ಲೂ ಸಿಗುತ್ತದೆ, ಫುಂಡಿ ಎಂದು ಕರೆಯುವ ಮೆಕ್ಯಾನಿಕ್ಕು ರಸ್ತೆ ಬದಿಯಲ್ಲೇ ಬಿಚ್ಚಿ ಜೋಡಿಸುತ್ತಾನೆ, ಮಾರಹೊರಟರೆ ಒಂದೇ ದಿನದಲ್ಲಿ ಗಿರಾಕಿ ಸಿಗುತ್ತಾನೆ. ವಿದ್ಯುತ್ ಬೋಡಾ ಇದೆಲ್ಲದರ ಜೊತೆ ಪೈಪೋಟಿಗೆ ಇಳಿಯಬೇಕು. ಇಂಧನದ ಖರ್ಚೊಂದನ್ನೇ ತೋರಿಸಿ ಗೆಲ್ಲಲಾಗದು.

ಅದಕ್ಕೆ ಎರಡು ದಾರಿಗಳಿವೆ. ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಹುಟ್ಟಿ ನೈರೋಬಿಗೆ ಬಂದ ಆಂಪರ್‌ಸ್ಯಾಂಡ್ ಹಾಗೂ ಹಲವು ಆಫ್ರಿಕನ್ ದೇಶಗಳಲ್ಲಿ ವ್ಯವಹರಿಸುವ ಸ್ಪೈರೋ ಮೊದಲಾದ ಕಂಪನಿಗಳು ಗಾಡಿಯನ್ನು ಮಾರಿ ಬ್ಯಾಟರಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳುತ್ತವೆ. ಚಾರ್ಜು ಮುಗಿಯುತ್ತ ಬಂದಾಗ ಸವಾರ ಬದಲಾವಣೆ ಕೇಂದ್ರಕ್ಕೆ ಬರುತ್ತಾನೆ, ಗಾಡಿ ನಿಲ್ಲಿಸಿ ಕೊಂಡಿ ತೆಗೆದು ಭಾರವಾದ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎಳೆದು ಕೊಡುತ್ತಾನೆ, ಅಲ್ಲಿನ ಹುಡುಗ ಕಪಾಟಿನಿಂದ ತುಂಬಿದ ಇನ್ನೊಂದನ್ನು ತಂದು ಕೂಡಿಸುತ್ತಾನೆ, ಹಣ ಮೊಬೈಲಿನ ಎಂಪೆಸಾ ಮೂಲಕ ಸಂದಾಯವಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಆಗುವಷ್ಟೇ ಹೊತ್ತು. ದಿನಗೂಲಿಯ ಹಾಗೆ ದುಡಿಯುವವನಿಗೆ ಈ ವೇಳೆಯ ಉಳಿತಾಯವೇ ದೊಡ್ಡದು, ಏಕೆಂದರೆ ಗೋಡೆಗೆ ಚುಚ್ಚಿ ಕಾಯುವ ಪ್ರತಿ ಗಂಟೆಯೂ ತಪ್ಪಿದ ಬಾಡಿಗೆ. ಬ್ಯಾಟರಿ ಹಳತಾಗಿ ಬಲಗುಂದಿದರೆ ಆ ನಷ್ಟ ಕಂಪನಿಯದು. ಕರೆಂಟು ಹೋದಾಗಲೂ ಮೊದಲೇ ತುಂಬಿಟ್ಟ ಪೆಟ್ಟಿಗೆಗಳು ಕೆಲವು ಗಂಟೆ ಕೆಲಸ ನಡೆಸುತ್ತವೆ.

ಇದರ ಬೆಲೆ ಸ್ವಾತಂತ್ರ್ಯ. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಗಾಡಿಗೆ ಕೂಡುವುದಿಲ್ಲ; ಕೇಂದ್ರಗಳು ಎಲ್ಲಿವೆಯೋ ಸವಾರನ ಲೋಕ ಅಷ್ಟಕ್ಕೇ ಸೀಮಿತ, ಊರಾಚೆಗೆ ದೂರದ ಬಾಡಿಗೆ ಬಂದರೆ ಬೇಡ ಎನ್ನಬೇಕು. ಬ್ಯಾಟರಿ ಬದಲಾವಣೆಯ ದರವನ್ನು ಕಂಪನಿ ಏರಿಸಿದರೆ ಬೇರೆ ಬಂಕಿಗೆ ಹೋಗುತ್ತೇನೆ ಎನ್ನುವ ಅವಕಾಶವೂ ಇಲ್ಲ. ಆ ದರದಲ್ಲಿ ಕರೆಂಟಿನ ಜೊತೆಗೆ ಬ್ಯಾಟರಿಯ ಬಾಡಿಗೆ, ಕೇಂದ್ರದ ನೆಲಬಾಡಿಗೆ, ಕೆಲಸದವರ ಸಂಬಳ ಎಲ್ಲವೂ ಸೇರಿರುವುದರಿಂದ, ಯೂನಿಟ್ಟಿಗೆ 16 ಶಿಲ್ಲಿಂಗ್ ಎಂಬ ಸರ್ಕಾರಿ ದರ ನೋಡಿ ಹಿಗ್ಗಿದವನಿಗೆ ಮೊದಲ ವಾರವೇ ನಿರಾಸೆಯಾಗಬಹುದು.

ಇನ್ನೊಂದು ದಾರಿ ರೋಮ್ ಕಂಪನಿಯದು. 2017ರಲ್ಲಿ ಓಪಿಬಸ್ ಎಂಬ ಹೆಸರಿನಲ್ಲಿ ಶುರುವಾದ ಇದು ನೈರೋಬಿಯಲ್ಲೇ ಮೋಟಾರ್‌ಸೈಕಲ್ ತಯಾರಿಸುತ್ತದೆ. ಇದರ ರೋಮ್ ಏರ್ ಗಾಡಿಯ ಬ್ಯಾಟರಿ 3.24 ಯೂನಿಟ್ ಹಿಡಿಯುತ್ತದೆ, ಒಂದು ತುಂಬಿಗೆ ಸುಮಾರು 80 ಕಿಲೋಮೀಟರ್ ಓಡುತ್ತದೆ, ಬೇಕಾದರೆ ಎರಡನೆಯದನ್ನೂ ಕೂಡಿಸಬಹುದು. ಬ್ಯಾಟರಿ ಸವಾರನದೇ, ತೆಗೆದುಕೊಂಡು ಹೋಗಿ ಮನೆಯ ಸಾಮಾನ್ಯ ಪ್ಲಗ್ಗಿನಲ್ಲಿ ಚಾರ್ಜ್ ಮಾಡಬಹುದು. ಕರೆಂಟಿನ ಖರ್ಚಷ್ಟನ್ನೇ ನೋಡಿದರೆ ಇದಕ್ಕಿಂತ ಅಗ್ಗ ಬೇರೆ ಇಲ್ಲ: ದಿನದ 120 ಕಿಲೋಮೀಟರಿಗೆ ಐದು ಯೂನಿಟ್ ಆಸುಪಾಸು. ಆದರೆ ನೈರೋಬಿಯ ಬಹುತೇಕ ಸವಾರರು ಇರುವುದು ವಠಾರದಂಥ ಬಾಡಿಗೆ ಕೋಣೆಗಳಲ್ಲಿ. ಮೂರನೆಯ ಮಹಡಿಗೆ ಆ ಭಾರ ಹೊತ್ತು ಹತ್ತಬೇಕು. ಮೇಲೆ ಹೋದರೆ ಟೋಕನ್ ಹಾಕಿ ತುಂಬಿಸುವ ಮೀಟರು ಒಂದೇ, ಅದನ್ನು ಹಂಚಿಕೊಂಡವರು ಹಲವರು. ಮನೆಮಾಲೀಕ ಮುಖ ಗಂಟಿಕ್ಕುತ್ತಾನೆ. ವಾಹನಗಳ ರಿಯಾಯಿತಿ ದರ ಈ ಮೀಟರಿಗೆ ಅನ್ವಯಿಸುವುದಿಲ್ಲ, ಮನೆಯ ದರ ಅದಕ್ಕಿಂತ ಹೆಚ್ಚು. ನಾಲ್ಕೈದು ವರ್ಷದ ಮೇಲೆ ಬ್ಯಾಟರಿ ಸೊರಗಿದರೆ ಹೊಸದರ ವೆಚ್ಚವೂ ಸವಾರನದೇ.

ಹಾಗಾದರೆ ಯಾವುದು? ದಿನಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸುವ, ಒಂದೇ ಪ್ರದೇಶದಲ್ಲಿ ಬಾಡಿಗೆ ಮಾಡುವ, ಕಂತಿನ ಮೇಲೆ ಗಾಡಿ ಕೊಳ್ಳುವ ಸವಾರನಿಗೆ ಬ್ಯಾಟರಿ ಬದಲಾವಣೆಯೇ ಸರಿ. ಸ್ವಂತ ಮನೆ ಅಥವಾ ನೆಲಮಹಡಿಯ ಜಾಗ ಇರುವವನಿಗೆ, ಅರ್ಧ ದಿನ ಮಾತ್ರ ಓಡಿಸುವವನಿಗೆ, ಅಂಗಡಿಯ ಸರಕು ಸಾಗಿಸುವವನಿಗೆ ಎರಡನೆಯದು ಲಾಭ. ಯಾವುದನ್ನು ಆರಿಸಿದರೂ ಕಂತಿನ ಕರಾರನ್ನು ಓದದೆ ಸಹಿ ಮಾಡಬಾರದು: ಒಂದು ದಿನದ ಕಂತು ತಪ್ಪಿದರೆ ಗಾಡಿಯನ್ನು ದೂರದಿಂದಲೇ ನಿಲ್ಲಿಸುವ ಹಕ್ಕು ಸಾಲ ಕೊಟ್ಟವರಿಗೆ ಇದೆಯೇ, ಸವಾರ ಕಾಯಿಲೆ ಬಿದ್ದ ದಿನಗಳಿಗೆ ವಿನಾಯಿತಿ ಇದೆಯೇ ಎಂಬೆರಡನ್ನು ಕೇಳಿ ತಿಳಿಯಬೇಕು.

ಪೂರ್ವ ಆಫ್ರಿಕಾದ್ದೇ ಆದ ರುವಾಂಡಾ ಈ ವಿಷಯದಲ್ಲಿ ನೇರ ಹೆಜ್ಜೆ ಇಟ್ಟಿದೆ. ಕಿಗಾಲಿಯಲ್ಲಿ ಬಾಡಿಗೆಗೆ ಓಡುವ ಹೊಸ ಪೆಟ್ರೋಲ್ ಮೋಟಾರ್‌ಸೈಕಲುಗಳ ನೋಂದಣಿಯನ್ನು 2025ರ ಜನವರಿಯಿಂದ ನಿಲ್ಲಿಸುವುದಾಗಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಆದೇಶ ಹೊರಡಿಸಿದ ತಕ್ಷಣ ಪಾಲನೆಯಾಗುವ ಪುಟ್ಟ ದೇಶದಲ್ಲಿ ಅದು ಸಾಧ್ಯ. ಬೋಡಾ ಸವಾರರು ದೊಡ್ಡ ಮತದಾರ ವರ್ಗವೂ ಆಗಿರುವ ಕೀನ್ಯಾದಲ್ಲಿ ಅಂಥ ನಿಷೇಧಕ್ಕಿಂತ, ನಗರಸಭೆಯ ಜಾಗಗಳಲ್ಲಿ ಬದಲಾವಣೆ ಕೇಂದ್ರಗಳಿಗೆ ಅವಕಾಶ ಕೊಟ್ಟು, ಬ್ಯಾಟರಿಗಳ ಅಳತೆ ಮತ್ತು ಕೊಂಡಿ ಎಲ್ಲ ಕಂಪನಿಗಳಿಗೂ ಒಂದೇ ಇರಬೇಕೆಂಬ ನಿಯಮವನ್ನು ಹಂತಹಂತವಾಗಿ ತರುವುದೇ ಹೆಚ್ಚು ಫಲ ಕೊಡುತ್ತದೆ ಎಂದು ನನಗೆ ತೋರುತ್ತದೆ.

ಬಸ್ಸು: ಕೊಳ್ಳುವುದೋ, ಕಿಲೋಮೀಟರಿನ ಲೆಕ್ಕದಲ್ಲಿ ಪಡೆಯುವುದೋ?

ಮಟಾಟುಗಳಿಗೆ ಕಾನೂನಿನ ನೆಲೆ ಸಿಕ್ಕಿದ್ದು 1973ರ ಅಧ್ಯಕ್ಷರ ಆದೇಶದಿಂದ. ಮುಂದೆ ನಗರದ ಹಳೆಯ ಬಸ್ ಕಂಪನಿ ಕ್ಷೀಣಿಸಿ, ಸಾರಿಗೆಯ ಹೊಣೆಯೆಲ್ಲ ಖಾಸಗಿಯವರ ಹೆಗಲೇರಿತು. ಇಂದು ಪ್ರತಿ ಮಾಲೀಕನೂ ಸಾಕೋ ಎಂಬ ಸಹಕಾರ ಸಂಘದ ಅಥವಾ ಒಂದು ಕಂಪನಿಯ ಅಡಿಯಲ್ಲಿ ಗಾಡಿ ಓಡಿಸಬೇಕು. ವಿದ್ಯುತ್ ಬಸ್ಸಿನ ಮಾತು ಬಂದಾಗ ಈ ಹಿನ್ನೆಲೆ ಮುಖ್ಯ. ಬೆಂಗಳೂರಿನಲ್ಲಿ ಬಿಎಂಟಿಸಿಯಂಥ ಸಾರ್ವಜನಿಕ ನಿಗಮ ಇರುವುದರಿಂದ ಕಂಪನಿಯು ಬಸ್ಸು ಮತ್ತು ಚಾಲಕನನ್ನು ಒದಗಿಸುತ್ತದೆ, ನಿಗಮವು ಕಿಲೋಮೀಟರಿಗೆ ಇಷ್ಟೆಂದು ಕೊಟ್ಟು ಟಿಕೆಟ್ಟಿನ ಹಣ ತಾನು ಪಡೆಯುತ್ತದೆ. ಜನ ಹತ್ತಿದರೂ ಹತ್ತದಿದ್ದರೂ ಕಂಪನಿಗೆ ಹಣ ಬರುತ್ತದೆ. ನೈರೋಬಿಯಲ್ಲಿ ಅಂಥ ನಿಗಮವಿಲ್ಲ. ಖಾಲಿ ಸೀಟಿನ ನಷ್ಟವನ್ನು ಮಟಾಟು ಮಾಲೀಕನೇ ಹೊರಬೇಕು.

ಈ ಕೊರತೆಗೆ ಬಾಸಿಗೋ ಎಂಬ ಕಂಪನಿ ಕಂಡುಕೊಂಡ ಉಪಾಯ ಗಮನಾರ್ಹವಾದದ್ದು. 2022ರಲ್ಲಿ ಅದು ಚೀನಾದ ಬಿವೈಡಿಯ 25 ಸೀಟಿನ ಎರಡು ಬಸ್ಸುಗಳನ್ನು ಸಿಟಿ ಹೊಪ್ಪಾ ಮತ್ತು ಈಸ್ಟ್ ಶಟಲ್ ಸಂಸ್ಥೆಗಳ ಮೂಲಕ ಪ್ರಯೋಗಕ್ಕೆ ಇಳಿಸಿತು. ಒಂದು ಚಾರ್ಜಿಗೆ 250 ಕಿಲೋಮೀಟರ್ ಓಡುವ ಈ ಬಸ್ಸನ್ನು ಡೀಸೆಲ್ ಬಸ್ಸಿನಷ್ಟೇ ಮುಂಗಡ ಬೆಲೆಗೆ, ಸುಮಾರು 50 ಲಕ್ಷ ಶಿಲ್ಲಿಂಗಿಗೆ, ಮಾರುವುದು. ಅದರಲ್ಲಿ ಅತಿ ದುಬಾರಿಯಾದ ಬ್ಯಾಟರಿಯ ಬಾಡಿಗೆಯನ್ನು ಚಾರ್ಜಿಂಗ್ ಮತ್ತು ರಿಪೇರಿಯ ಖರ್ಚಿನೊಂದಿಗೆ ಸೇರಿಸಿ ಓಡಿದ ಕಿಲೋಮೀಟರಿಗೆ 20 ಶಿಲ್ಲಿಂಗಿನಂತೆ ವಸೂಲು ಮಾಡುವುದು ಎಂಬುದು ಮೊದಲ ಯೋಜನೆ. ಕರಾರು ಮಾಡಿಕೊಳ್ಳುವ ಸಂಘವು ತನಗೆ ಹೇಳಿದ ಇಂದಿನ ದರವನ್ನು ಹೀಗೆ ಪರೀಕ್ಷಿಸಬಹುದು: ಡೀಸೆಲ್ ಲೀಟರಿಗೆ 170 ಶಿಲ್ಲಿಂಗ್ ಇದ್ದು ಬಸ್ಸು ಲೀಟರಿಗೆ ಐದೂವರೆ ಕಿಲೋಮೀಟರ್ ಕೊಟ್ಟರೆ ಇಂಧನಕ್ಕೇ ಕಿಲೋಮೀಟರಿಗೆ 31 ಶಿಲ್ಲಿಂಗ್ ಬೀಳುತ್ತದೆ. ಆಯಿಲು, ಫಿಲ್ಟರು, ಬ್ರೇಕು, ಎಂಜಿನ್ ಕೆಲಸ ಅದರ ಮೇಲೆ. ಕಂಪನಿಯ ದರ ಈ ಮೊತ್ತಕ್ಕಿಂತ ಚೆನ್ನಾಗಿ ಕೆಳಗಿದ್ದರೆ ಮಾತ್ರ ಮುಂದುವರಿಯಬೇಕು. ದರ ಯಾವಾಗ, ಯಾವ ಆಧಾರದ ಮೇಲೆ ಏರಬಹುದೆಂಬುದು ಬರಹದಲ್ಲಿರಬೇಕು.

ಹೊರಗಿನಿಂದ ನೋಡುವವರಿಗೆ ಕಾಣದ ತೊಡಕೊಂದು ಮಟಾಟುವಿನ ಒಳವ್ಯವಹಾರದಲ್ಲಿದೆ. ಮಾಲೀಕನಿಗೆ ದಿನಕ್ಕೆ ಇಷ್ಟು ಎಂದು ಗೊತ್ತುಪಡಿಸಿದ ಮೊತ್ತ ಸಲ್ಲಬೇಕು. ಡೀಸೆಲ್ ಹಾಕಿಸಿ, ಆ ಮೊತ್ತ ತೆಗೆದಿಟ್ಟು, ದಾರಿಯ ಸಣ್ಣಪುಟ್ಟ ಕೊಡುಗೆಗಳನ್ನೆಲ್ಲ ಮುಗಿಸಿದ ಮೇಲೆ ಉಳಿದದ್ದು ಚಾಲಕ ಮತ್ತು ಕಂಡಕ್ಟರಿನದು. ಬಸ್ಸು ತುಂಬುವ ತನಕ ಸ್ಟೇಜಿನಲ್ಲಿ ನಿಂತೇ ಇರುವುದಕ್ಕೂ, ತುಂಬಿದ ಮೇಲೆ ಹುಚ್ಚು ವೇಗದಲ್ಲಿ ಓಡುವುದಕ್ಕೂ ಮೂಲ ಇದೇ. ವಿದ್ಯುತ್ ಬಸ್ಸು ಬಂದು ಇಂಧನದ ಖರ್ಚು ಇಳಿದಾಗ ಉಳಿತಾಯವನ್ನು ಮಾಲೀಕನೊಬ್ಬನೇ ಜೇಬಿಗಿಳಿಸಿದರೆ ಸಿಬ್ಬಂದಿಗೆ ಹೊಸ ಬಸ್ಸಿನ ಬಗ್ಗೆ ಯಾವ ಅಕ್ಕರೆಯೂ ಇರುವುದಿಲ್ಲ. ಪೂರ್ತಿ ಸಿಬ್ಬಂದಿಗೇ ಹೋದರೆ ಮಾಲೀಕ ಬದಲಾಯಿಸುವುದೇ ಇಲ್ಲ. ಚಾಲಕ ಮತ್ತು ಕಂಡಕ್ಟರನ್ನು ಸಂಬಳದ ಮೇಲೆ ನೇಮಿಸಿ, ಟಿಕೆಟ್ ಹಣವನ್ನು ಮೊಬೈಲಿನಲ್ಲೇ ಪಡೆಯುವ ಶಿಸ್ತಿನ ಸಂಘಗಳಿಗೆ ವಿದ್ಯುತ್ ಬಸ್ಸು ಮೊದಲು ಹೊಂದುತ್ತದೆ. ದಿನದ ಮೊತ್ತದ ಪದ್ಧತಿಯಲ್ಲೇ ಇರುವ 14 ಸೀಟಿನ ವ್ಯಾನಿನ ಮಾಲೀಕನಿಗೆ ನಾನು ಇನ್ನೂ ಕೆಲವು ವರ್ಷ ಕಾಯಿರಿ ಎಂದೇ ಹೇಳುವೆ.

ವೇಳಾಪಟ್ಟಿಯ ಲೆಕ್ಕ ಸುಲಭ. ಬೆಳಗಿನ ಮತ್ತು ಸಂಜೆಯ ನೂಕುನುಗ್ಗಲಿನ ನಡುವೆ ಬಿಡುವಿರುತ್ತದೆ, ರಾತ್ರಿಯ ಅಗ್ಗದ ದರದಲ್ಲಿ ತುಂಬಿಸಿ ಹಗಲಿನ ಬಿಡುವಿನಲ್ಲಿ ಸ್ವಲ್ಪ ಸೇರಿಸಿಕೊಂಡರೆ 250 ಕಿಲೋಮೀಟರಿಗಿಂತ ಉದ್ದದ ದಿನವನ್ನೂ ದಾಟಬಹುದು. ಮಾರ್ಗದ ಒಂದು ತುದಿಗೆ ಡಿಪೋ ಹತ್ತಿರವಿರುವುದು ಅಗತ್ಯ. ಇಲ್ಲದಿದ್ದರೆ ಚಾರ್ಜಿಗೆಂದು ಖಾಲಿ ಓಡಿದ ದೂರಕ್ಕೂ ಕಿಲೋಮೀಟರಿನ ದರ ಕೊಡಬೇಕಾಗುತ್ತದೆ.

ಇದಲ್ಲದೆ ಸರ್ಕಾರದ ಕೈಯಲ್ಲಿ ಇನ್ನೊಂದು ಯೋಜನೆಯಿದೆ: ಬಸ್ಸಿಗೆಂದೇ ಮೀಸಲಾದ ಪಥ. 2017ರಲ್ಲಿ ಮಹಾನಗರ ಸಾರಿಗೆ ಪ್ರಾಧಿಕಾರ ಸ್ಥಾಪನೆಯಾಯಿತು, ಐದು ಮಾರ್ಗಗಳಿಗೆ ಆನೆ, ಸಿಂಹ, ಚಿರತೆ, ಘೇಂಡಾಮೃಗ, ಕಾಡೆಮ್ಮೆಗಳ ಸ್ವಾಹಿಲಿ ಹೆಸರಿಡಲಾಯಿತು, 2018ರಲ್ಲಿ ಥೀಕಾ ಹೆದ್ದಾರಿಯ ಮೇಲೆ ಕೆಂಪು ಗೆರೆ ಎಳೆದದ್ದೂ ಆಯಿತು. ಗೆರೆಯ ಹಿಂದೆಯೇ ಬಸ್ಸು ಬರಲಿಲ್ಲ. ವಿದ್ಯುತ್ ಬಸ್ಸಿಗೆ ಕೊಡುವ ಸಹಾಯಧನಕ್ಕೂ ಮೀಸಲು ಪಥಕ್ಕೂ ನಡುವೆ ಒಂದನ್ನೇ ಆರಿಸಬೇಕಾದರೆ ಪಥವೇ ಮೇಲು, ಏಕೆಂದರೆ ದಟ್ಟಣೆಯಲ್ಲಿ ಸಿಕ್ಕಿಬಿದ್ದ ಬಸ್ಸು ಡೀಸೆಲಿನದಾದರೂ ಬ್ಯಾಟರಿಯದಾದರೂ ದಿನಕ್ಕೆ ಹೊಡೆಯುವ ಟ್ರಿಪ್ಪುಗಳು ಅಷ್ಟೇ.

ಕಾಲ್ನಡಿಗೆಯನ್ನು ಲೆಕ್ಕದಿಂದ ಬಿಡಬಾರದು

2019ರ ಜನಗಣತಿಯಂತೆ ನೈರೋಬಿಯ ಜನಸಂಖ್ಯೆ ಸುಮಾರು 44 ಲಕ್ಷ. ನಗರದ ದಿನನಿತ್ಯದ ಪ್ರಯಾಣಗಳಲ್ಲಿ ನೂರಕ್ಕೆ ಸುಮಾರು 40 ನಡೆದೇ ಸಾಗುವಂಥವು. ಕೊಳೆಗೇರಿಗಳಾದ ಕಿಬೇರಾದಿಂದಲೂ ಮುಕುರುವಿನಿಂದಲೂ ಕೈಗಾರಿಕಾ ಪ್ರದೇಶಕ್ಕೆ ಬೆಳಗಿನ ಜಾವವೇ ಸಾಲುಗಟ್ಟಿ ನಡೆಯುವವರಿಗೆ ಯಾವ ತೆರಿಗೆ ವಿನಾಯಿತಿಯೂ ತಟ್ಟುವುದಿಲ್ಲ. 2015ರಲ್ಲಿ ನಗರಾಡಳಿತವೇ ಪ್ರಕಟಿಸಿದ ನೀತಿಯು ಸಾರಿಗೆಯ ಹಣದಲ್ಲಿ ನೂರಕ್ಕೆ 20 ಪಾಲನ್ನು ನಡಿಗೆ ಮತ್ತು ಸೈಕಲ್ಲಿಗೆ ಮೀಸಲಿಡಬೇಕೆಂದು ಹೇಳಿತ್ತು. 2022ರಲ್ಲಿ ಸಂಚಾರಕ್ಕೆ ತೆರೆದದ್ದು ಮಾತ್ರ 27 ಕಿಲೋಮೀಟರ್ ಉದ್ದದ, ಟೋಲ್ ಕಟ್ಟಿ ಕಾರು ಓಡಿಸುವ ಎಕ್ಸ್‌ಪ್ರೆಸ್‌ವೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೇಂದ್ರ ಕಚೇರಿ ಇರುವ ನಗರವಿದು ಎಂಬುದನ್ನು ನೆನೆದರೆ ಸ್ವಲ್ಪ ಮುಜುಗರವೇ ಆಗುತ್ತದೆ. ಪಾದಚಾರಿ ಮಾರ್ಗಕ್ಕೆ ಬ್ಯಾಟರಿ ಬೇಡ, ಆಮದು ಬೇಡ. ಹಣಕ್ಕೆ ತಕ್ಕ ಫಲದ ಲೆಕ್ಕದಲ್ಲಿ ಅದು ಬೋಡಾವನ್ನೂ ಮೀರಿಸುತ್ತದೆ.

ಸ್ವಂತ ಕಾರು

ಕೀನ್ಯಾದಲ್ಲಿ ಕಾರೆಂದರೆ ಬಹುಮಟ್ಟಿಗೆ ಜಪಾನಿನಲ್ಲಿ ಬಳಸಿ ತಂದ ಕಾರು. ಎಂಟು ವರ್ಷಕ್ಕಿಂತ ಹಳೆಯದನ್ನು ಆಮದು ಮಾಡುವಂತಿಲ್ಲ. ಇಥಿಯೋಪಿಯಾ 2024ರಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಆಮದನ್ನೇ ನಿಷೇಧಿಸಿತು, ಆದರೆ ಅಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಮತ್ತು ಜಲವಿದ್ಯುತ್ತಿನ ಸಮೃದ್ಧಿ ಎರಡೂ ಕೂಡಿದ್ದವು. ಕೀನ್ಯಾದಲ್ಲಿ ತೆರಿಗೆಯ ನೀತಿಯೇ ನಿಂತ ಕಡೆ ನಿಲ್ಲುವುದಿಲ್ಲ. 2023ರ ಹಣಕಾಸು ಕಾಯ್ದೆ ವಿದ್ಯುತ್ ಬೈಕು ಮತ್ತು ಬಸ್ಸುಗಳಿಗೆ ವ್ಯಾಟ್ ರಿಯಾಯಿತಿ ಕೊಟ್ಟಿತು. ಮರುವರ್ಷದ ಮಸೂದೆ ಅದನ್ನು ಬದಲಿಸಲು ಹೊರಟು, ಬೀದಿಗಿಳಿದ ಯುವಜನರ ಪ್ರತಿಭಟನೆಯ ಕಾವಿಗೆ ಇಡೀ ಮಸೂದೆಯೇ ವಾಪಸಾಯಿತು. ಇಂದಿನ ರಿಯಾಯಿತಿಯನ್ನು ನಂಬಿ ಐದು ವರ್ಷದ ಸಾಲ ಮಾಡುವವರು ಇದನ್ನು ಗಮನಿಸಬೇಕು.

ವಿದ್ಯುತ್ ಕಾರನ್ನು ಬಾಡಿಗೆಗೆ ಓಡಿಸುವ ಪ್ರಯತ್ನವೂ ನಡೆದಿದೆ. ನೋಪಿಯಾರೈಡ್ ಎಂಬ ಸಂಸ್ಥೆ 2018ರಿಂದ ನಿಸಾನ್ ಲೀಫ್ ಕಾರುಗಳನ್ನು ಟ್ಯಾಕ್ಸಿಯಾಗಿ ಓಡಿಸಿ, ಫಿನ್ಲೆಂಡಿನ ತನ್ನ ಮಾತೃಸಂಸ್ಥೆ ದಿವಾಳಿಯಾದಾಗ ಮುಚ್ಚಿಹೋಯಿತು. ದಿನಕ್ಕೆ ನೂರಾರು ಕಿಲೋಮೀಟರ್ ಓಡುವ ಟ್ಯಾಕ್ಸಿಗಾದರೆ ಕಾರಿನ ಲೆಕ್ಕವೂ ಕೂಡಿಬರುತ್ತದೆ ಎಂಬುದೇನೋ ನಿಜ. ಅಂಥದಕ್ಕೆ ರಿಯಾಯಿತಿ ಸಲ್ಲಬೇಕು, ವಾರಕ್ಕೆ ಐದು ದಿನ ನೆರಳಿನಲ್ಲಿ ನಿಲ್ಲುವ ಸ್ವಂತ ಕಾರಿಗೆ ಬೇಕಿಲ್ಲ.

ಇಷ್ಟಾಗಿಯೂ, ಮನೆಯಂಗಳದಲ್ಲಿ ಪ್ಲಗ್ಗಿದೆ, ಓಡಾಟ ಊರೊಳಗೆ ಮಾತ್ರ ಎನ್ನುವವರು ಬಳಸಿದ ಲೀಫ್ ಕೊಳ್ಳಬಹುದು. ಆಗ ಮೀಟರಿನ ಕಿಲೋಮೀಟರಿಗಿಂತ ಮೊದಲು ಡ್ಯಾಶ್‌ಬೋರ್ಡಿನ ಬಲತುದಿಯಲ್ಲಿ ಒಂದರ ಮೇಲೊಂದು ಇರುವ ಸಣ್ಣ ಗೆರೆಗಳನ್ನು ಎಣಿಸಬೇಕು. ಹೊಸ ಬ್ಯಾಟರಿಗೆ ಅವು 12 ಇರುತ್ತವೆ, ಬ್ಯಾಟರಿಯ ಧಾರಣಶಕ್ತಿ ಕುಂದಿದಂತೆ ಒಂದೊಂದಾಗಿ ಅಳಿಯುತ್ತವೆ. ಎಂಟು ಅಥವಾ ಅದಕ್ಕಿಂತ ಕಡಿಮೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡವೆನ್ನುವುದು ಒಳ್ಳೆಯದು. ಜೊತೆಗೆ, ಲೀಫಿನ ವೇಗದ ಚಾರ್ಜಿಗೆ ಬೇಕಾದ ಜಪಾನಿ ಮಾದರಿಯ ಕೊಂಡಿ ತಮ್ಮ ದಾರಿಯ ಚಾರ್ಜಿಂಗ್ ಕೇಂದ್ರಗಳಲ್ಲಿ ಇದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಸ್ವತಃ ಹೋಗಿ ನೋಡಿಕೊಂಡು ಬರಬೇಕು.